ಯೂರಿಯಾ ಚೀಲದ ಮೇಲಿನ 46 ಎಲ್ಲಿಂದ ಬಂತು?

ನಾನು ಓದಿದ್ದು ಏಳನೇ ಕ್ಲಾಸು. ಅರಸೀಕೆರೆ ತಾಲೂಕಿನಲ್ಲಿ, ಜಾವಗಲ್ ಕಡೆ ನಮ್ಮ ಊರು. ನಾಲ್ಕು ಎಕರೆ ಖುಷ್ಕಿ ಜಮೀನು. ರಾಗಿ, ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು. ಮನೆ ಹಿಂದೆ ನಲವತ್ತು ತೆಂಗಿನ ಮರ, ಅದರಲ್ಲಿ ಫಸಲು ಕೊಡೋದು ಮೂವತ್ತು. ಇಂಥವನು ರಸಾಯನಶಾಸ್ತ್ರದ ಪಾಠ ಬರೆಯಲು ಕೂತಿದ್ದಾನೆ ಎಂದು ನಗಬೇಡಿ. ಈ ಪಾಠ ಗೊತ್ತಿಲ್ಲದೆ ನಾನು ಒಂದು ಜೊತೆ ಎತ್ತು ಕಳೆದುಕೊಂಡಿದ್ದೇನೆ. ಆ ಕಥೆ ಮೊದಲು ಹೇಳಿಬಿಡುತ್ತೇನೆ.

2010ನೇ ಇಸವಿ. ಆ ಬೇಸಿಗೆಯಲ್ಲಿ ದೊಡ್ಡ ಮಗಳ ಮದುವೆ ಮಾಡಿದ್ದೆ. ಕೈಸಾಲ ಇತ್ತು. ರಾಗಿ ಬಂದರೆ ತೀರಿಸೋಣ ಅಂತ ಲೆಕ್ಕ. ಅಲ್ಲಿವರೆಗೆ ನಾನು ಮೇಲುಗೊಬ್ಬರಕ್ಕೆ ಅಮೋನಿಯಂ ಸಲ್ಫೇಟ್ ಹಾಕುತ್ತಿದ್ದವನು, ಎಕರೆಗೆ ಒಂದು ಚೀಲ. ನಮ್ಮಪ್ಪನ ಕಾಲದಿಂದ ಬಂದ ಅಳತೆ ಅದು. ಆ ವರ್ಷ ಅಂಗಡಿಯಲ್ಲಿ ಅದು ಸಿಗಲಿಲ್ಲ. 'ಯೂರಿಯಾ ತಗೊಂಡೋಗಿ, ಎರಡೂ ಬಿಳೀ ಗೊಬ್ಬರಾನೇ' ಅಂದರು. ತಂದೆ. ಚೀಲಕ್ಕೆ ಚೀಲ ಹಾಕಿದೆ. ಮಳೆಯೂ ಚೆನ್ನಾಗಿ ಬಂತು. ರಾಗಿ ಪೈರು ಕಪ್ಪಗೆ, ಎದೆಮಟ್ಟ ಎದ್ದು ನಿಂತಿತು. ದಾರೀಲಿ ಹೋಗೋರೆಲ್ಲ ನಿಂತು ನೋಡೋರು. ತೆನೆ ಹಾಲು ತುಂಬುವ ಹೊತ್ತಿಗೆ ಒಂದು ರಾತ್ರಿ ಗಾಳಿ ಮಳೆ. ಬೆಳಗ್ಗೆ ಹೋಗಿ ನೋಡಿದರೆ ಎರಡು ಎಕರೆಯೂ ಚಾಪೆ ಹಾಸಿದ ಹಾಗೆ ಮಲಗಿತ್ತು. ನೆಲಕ್ಕೆ ತಾಗಿದ ತೆನೆ ಮೊಳಕೆ ಒಡೆಯಿತು. ಎಕರೆಗೆ ಎಂಟು ಕ್ವಿಂಟಲ್ ನೋಡುತ್ತಿದ್ದ ಹೊಲದಲ್ಲಿ ಎರಡು ಎಕರೆಗೂ ಸೇರಿ ಆದದ್ದು ಏಳು. ಸಾಲಕ್ಕೆ ಎತ್ತು ಮಾರಿದೆ. ಪಕ್ಕದ ಹೊಲದಲ್ಲೂ ಅದೇ ಗಾಳಿ, ಅದೇ ಮಳೆ. ಅಲ್ಲಿ ಪೈರು ನಿಂತೇ ಇತ್ತು. ನನ್ನದು ಯಾಕೆ ಬಿತ್ತು ಅನ್ನೋದು ಎಷ್ಟೋ ವರ್ಷ ನನಗೆ ಸರಿಯಾಗಿ ತಿಳಿಯಲಿಲ್ಲ.

ತಿಳಿಸಿದವಳು ಆ ಮಗಳ ಮಗಳು. ಹಳೇಬೀಡು ಕಡೆ ಹೈಸ್ಕೂಲಿಗೆ ಹೋಗುತ್ತಾಳೆ, ಒಂಬತ್ತನೇ ತರಗತಿ. ದಸರಾ ರಜೆಗೆ ಬಂದಿದ್ದವಳು ಪಡಸಾಲೆಯಲ್ಲಿ ಪುಸ್ತಕ ಇಟ್ಟುಕೊಂಡು ಮುಖ ಸಣ್ಣಗೆ ಮಾಡಿ ಕೂತಿದ್ದಳು. ಪಾಠದ ಹೆಸರು 'ಪರಮಾಣುಗಳು ಮತ್ತು ಅಣುಗಳು'.

'ತಾತ, ಯೂರಿಯಾದಲ್ಲಿ ಎಷ್ಟು ಪರಮಾಣು ಇರ್ತವೆ ಗೊತ್ತಾ?'

'ಚೀಲದಾಗೆ ನಲವತ್ತೈದು ಕೇಜಿ ಇರ್ತದೆ ಕಣವ್ವ. ಪರಮಾಣು ಗಿರಮಾಣು ನಂಗೊತ್ತಿಲ್ಲ.'

'ನಂಗೂ ಬರಲ್ಲ. ಸೈನ್ಸು ಬಿಟ್ಟುಬಿಡ್ತೀನಿ' ಅಂದಳು. ಆ ಮಾತು ನನಗೆ ಸರಿ ಬರಲಿಲ್ಲ. ಏಳನೇ ಕ್ಲಾಸಿಗೆ ನಾನು ಶಾಲೆ ಬಿಟ್ಟದ್ದೂ ಹೀಗೇ ಒಂದು ಲೆಕ್ಕ ಬಾರದೆ. ಪುಸ್ತಕ ಕೊಡು ಇಲ್ಲಿ ಅಂದೆ. ಇಬ್ಬರೂ ಕೂತೆವು.

ಪುಸ್ತಕದಲ್ಲಿ ಇರುವುದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ಯಾವ ವಸ್ತುವನ್ನಾದರೂ ಒಡೆಯುತ್ತ ಹೋದರೆ, ಅದರ ಗುಣ ಉಳಿದಿರುವ ಅತಿ ಸಣ್ಣ ಚೂರು ಅಣು. ಆ ಅಣು ಪರಮಾಣುಗಳಿಂದ ಆಗಿದೆ. ಒಂದೊಂದು ಜಾತಿಯ ಪರಮಾಣುವಿಗೆ ಒಂದೊಂದು ಇಂಗ್ಲಿಷ್ ಅಕ್ಷರ ಕೊಟ್ಟಿದ್ದಾರೆ. ಎಚ್ ಅಂದರೆ ಜಲಜನಕ, ಸಿ ಇಂಗಾಲ, ಎನ್ ಸಾರಜನಕ, ಓ ಆಮ್ಲಜನಕ, ಪಿ ರಂಜಕ, ಎಸ್ ಗಂಧಕ. (ಈಗಿನ ಮಕ್ಕಳಿಗೆ ಸಾರಜನಕ ಅಂದರೆ ತಿಳಿಯೋದಿಲ್ಲ, ನೈಟ್ರೋಜನ್ ಅನ್ನಬೇಕು. ನನಗೆ ಹಳೇ ಹೆಸರೇ ಒಗ್ಗಿದೆ.) ಅಕ್ಷರದ ಬಲಗಡೆ ಕೆಳಗೆ ಚಿಕ್ಕದಾಗಿ ಒಂದು ಅಂಕಿ ಬರೆದಿದ್ದರೆ ಆ ಜಾತಿಯವು ಅಷ್ಟು ಇವೆ ಎಂದು ಅರ್ಥ. ಅಂಕಿ ಇಲ್ಲದಿದ್ದರೆ ಒಂದೇ. ನೀರು ಎಚ್₂ಓ. ಎರಡು ಜಲಜನಕ, ಒಂದು ಆಮ್ಲಜನಕ, ಒಟ್ಟು ಮೂರು. ಇಷ್ಟು ಯಾರಿಗಾದರೂ ಬರುತ್ತದೆ.

ಕಷ್ಟ ಇರುವುದು ಬ್ರಾಕೆಟ್ಟಿನಲ್ಲಿ. ಯೂರಿಯಾದ ಅಣುಸೂತ್ರ ಹೀಗಿದೆ: ಸಿಓ(ಎನ್ಎಚ್₂)₂. ಒಳಗೊಂದು ಎರಡು, ಹೊರಗೊಂದು ಎರಡು. ಮೊಮ್ಮಗಳು ಎಣಿಸಿದಳು: ಇಂಗಾಲ 1, ಆಮ್ಲಜನಕ 1, ಸಾರಜನಕ 1, ಜಲಜನಕ ಎರಡೆರಡಲ ನಾಲ್ಕು. ಒಟ್ಟು 7. ಕ್ಲಾಸಿನಲ್ಲೂ ಏಳು ಅಂತಲೇ ಹೇಳಿ ತಪ್ಪಾಗಿತ್ತಂತೆ. ಯಾಕೆ ತಪ್ಪು ಅನ್ನೋದು ಮಾತ್ರ ಅವಳಿಗೆ ಹೊಳೆದಿರಲಿಲ್ಲ. ನನಗೂ ಹೊಳೆಯಲಿಲ್ಲ.

ಮುಂದಿನ ಪುಟದಲ್ಲಿ ತೂಕ ಇತ್ತು. ಒಂದೊಂದು ಜಾತಿ ಪರಮಾಣುವಿಗೆ ಒಂದೊಂದು ತೂಕ. ಅತಿ ಹಗುರವಾದ ಜಲಜನಕ 1 ಎಂದು ಇಟ್ಟುಕೊಂಡರೆ ಇಂಗಾಲ 12, ಸಾರಜನಕ 14, ಆಮ್ಲಜನಕ 16. ಅವಳ ಲೆಕ್ಕದ ಪ್ರಕಾರ ಕೂಡಿದೆವು: 12, 16, 14, ಮತ್ತೆ 4. ಬಂದದ್ದು 46! ನಾನು ಎದ್ದು ಹೋಗಿ ಅಟ್ಟದ ಮೇಲಿದ್ದ ಖಾಲಿ ಯೂರಿಯಾ ಚೀಲ ತಂದು ಕೊಡವಿದೆ. ಅದರ ಮೇಲೆ ಅಚ್ಚಾಗಿತ್ತು, ಸಾರಜನಕ 46. 'ನೋಡಿದ್ಯಾ, ನೀನೇ ಸರಿ, ಮೇಷ್ಟ್ರೇ ತಪ್ಪು' ಅಂದೆ. ಇಬ್ಬರಿಗೂ ಖುಷಿ. ಕಾಫಿ ಕುಡಿದೆವು.

ಕುಡಿದು ಲೋಟ ಇಟ್ಟ ಮೇಲೆ ಅವಳೇ ಅಂದಳು: 'ತಾತ, ಚೀಲದ ಮೇಲೆ 46 ಪರ್ಸೆಂಟ್ ಅಂತ ಇದೆ. ನೂರು ಕೇಜಿ ಯೂರಿಯಾದಲ್ಲಿ 46 ಕೇಜಿ ನೈಟ್ರೋಜನ್ ಅಂತ. ನಾವು ಕೂಡಿದ್ದು ಇಡೀ ಅಣೂದು ತೂಕ.' ಹೌದಲ್ಲ! ಅವಳ ಲೆಕ್ಕದಂತೆ 46ರಲ್ಲಿ ಸಾರಜನಕ 14. ನೂರಕ್ಕೆ ಎಷ್ಟು ಅಂತ ಹಾಕಿದರೆ 30 ಚಿಲ್ಲರೆ. ಚೀಲ 46 ಅನ್ನುತ್ತದೆ. ಅಂದರೆ ಎಲ್ಲೋ ಸಾರಜನಕ ಕಡಿಮೆ ಎಣಿಸಿದ್ದೇವೆ.

ಆಗ ನನಗೆ ಹೊಲ ಕಣ್ಣಮುಂದೆ ಬಂತು. ಎರಡು ನೇಗಿಲು ಹೂಡಿದ್ದೇವೆ ಅನ್ನಿ. ಒಂದು ನೇಗಿಲು ಅಂದರೆ ಒಬ್ಬ ಆಳು, ಎರಡು ಎತ್ತು. ಹಾಗಾದರೆ ಎರಡು ನೇಗಿಲಿಗೆ? ಎತ್ತು ನಾಲ್ಕು ಆಗುತ್ತವೆ, ಸರಿ. ಆಳು ಒಬ್ಬನೇ ಇರುತ್ತಾನಾ? ಒಬ್ಬನೇ ಎರಡು ನೇಗಿಲು ಹೊಡೆಯಲು ಆಗುತ್ತದಾ? ಇಬ್ಬರು ಆಳು ಬೇಕು. ಬ್ರಾಕೆಟ್ಟೂ ಹಾಗೇ. ಒಳಗಿರುವ ಎನ್ಎಚ್₂ ಒಂದು ನೇಗಿಲು: ಸಾರಜನಕ ಆಳು, ಜಲಜನಕ ಎರಡು ಎತ್ತು. ಹೊರಗಿನ 2 ಎತ್ತಿಗೆ ಮಾತ್ರ ಅಲ್ಲ, ನೇಗಿಲಿಗೇ ಎರಡು. ಆದ್ದರಿಂದ ಸಾರಜನಕ 2, ಜಲಜನಕ 4. ಬ್ರಾಕೆಟ್ಟಿನ ಆಚೆ ಇರುವ ಇಂಗಾಲ 1, ಆಮ್ಲಜನಕ 1 ಹಾಗೇ ಇರುತ್ತವೆ, ಹೊರಗಿನ 2 ಅವಕ್ಕೆ ತಾಗುವುದಿಲ್ಲ. ಒಟ್ಟು ಎಂಟು.

ತೂಕ ಮತ್ತೆ ಹಾಕಿದೆವು. ಇಂಗಾಲ 12, ಆಮ್ಲಜನಕ 16, ಸಾರಜನಕ ಎರಡಕ್ಕೆ 28, ಜಲಜನಕ 4. ಒಟ್ಟು 60. ಅರವತ್ತರಲ್ಲಿ 28 ಅಂದರೆ ನೂರಕ್ಕೆ 46.6. ಚೀಲದ 46 ಸಿಕ್ಕಿತು. ಮಾರಾಟದ ಗೊಬ್ಬರದಲ್ಲಿ ತುಸು ತೇವ, ತುಸು ಬೇರೆ ಪದಾರ್ಥ ಇರುತ್ತದೆ, ಅದಕ್ಕೆ ಚಿಲ್ಲರೆ ಬಿಟ್ಟಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ. ಎಂಟು ಪರಮಾಣುವಿನಲ್ಲಿ ನಾಲ್ಕು ಜಲಜನಕ, ಅಂದರೆ ತಲೆ ಎಣಿಕೆಯಲ್ಲಿ ಅರ್ಧ ಪಾಲು. ತೂಕದಲ್ಲಿ ಅರವತ್ತಕ್ಕೆ ನಾಲ್ಕೇ. ಹಟ್ಟಿಯಲ್ಲಿ ನಾಲ್ಕು ಕೋಳಿ, ಎರಡು ಎಮ್ಮೆ ಇದ್ದರೆ ತಲೆ ಎಣಿಸಿ ಮೇವು ಹಂಚುತ್ತೇವೆಯೇ? ಎಣಿಕೆ ಬೇರೆ, ತೂಕ ಬೇರೆ. ಮೊದಲು ಎಣಿಕೆ ಸರಿಯಾಗಬೇಕು, ಆಮೇಲೆ ತೂಕಕ್ಕೆ ಗುಣಿಸಬೇಕು. ಎಣಿಕೆಯಲ್ಲಿ ಒಂದು ತಪ್ಪಿದರೆ 46 ಇದ್ದದ್ದು 30 ಆಗುತ್ತದೆ ಎಂದು ಮೇಲೆಯೇ ನೋಡಿದೆವು.

ಲೆಕ್ಕ ಬಂತಲ್ಲ ಅಂತ ನನಗೆ ಒಂದು ಹುಕ್ಕಿ ಬಂತು. ಅಮೋನಿಯಂ ಸಲ್ಫೇಟಿನದು ಹಾಕೋಣ ಅಂದೆ. ಸೂತ್ರ (ಎನ್ಎಚ್₄)₂ಎಸ್ಓ₄. ಇದು ಇನ್ನೂ ಸುಲಭ. ಎನ್ಎಚ್₄ ಅಂದರೆ ಒಂದು ಎತ್ತು: ಒಂದು ಮೈ, ನಾಲ್ಕು ಕಾಲು. ಹೊರಗೆ 2 ಇದೆ, ಒಂದು ಜೊತೆ ಎತ್ತು. ಎರಡು ಮೈ, ಎಂಟು ಕಾಲು. ಸಾರಜನಕ 2, ಜಲಜನಕ 8, ಗಂಧಕ 1, ಆಮ್ಲಜನಕ 4. ಹದಿನೈದು ಪರಮಾಣು. ತೂಕ: 28, 8, ಗಂಧಕಕ್ಕೆ 32, ಆಮ್ಲಜನಕಕ್ಕೆ 64. ಕೂಡಿದರೆ 132. ಸಾರಜನಕ ಇಲ್ಲೂ ಎರಡೇ, 28ಏ. ಆದರೆ 132ರಲ್ಲಿ 28. ನೂರಕ್ಕೆ 21.

ಪೆನ್ಸಿಲು ಕೆಳಗಿಟ್ಟೆ. ಒಂದು ಕಡೆ ನೂರಕ್ಕೆ 21, ಇನ್ನೊಂದು ಕಡೆ 46. ಚೀಲಕ್ಕೆ ಚೀಲ ಹಾಕಿದವನು ಎರಡರಷ್ಟಕ್ಕಿಂತ ಮೇಲೆ ಸಾರಜನಕ ಸುರಿದಿದ್ದೆ. ಆಗ ಎರಡೂ 50 ಕಿಲೋ ಚೀಲ. ಅಮೋನಿಯಂ ಸಲ್ಫೇಟಿನಲ್ಲಿ ಎಕರೆಗೆ 10 ಕಿಲೋ ಬೀಳುತ್ತಿದ್ದ ಸಾರಜನಕ ಯೂರಿಯಾದಲ್ಲಿ 23 ಕಿಲೋ ಬಿದ್ದಿತ್ತು. ಬಿತ್ತುವಾಗ ಹಾಕಿದ ಡಿಎಪಿಯಲ್ಲಿದ್ದದ್ದು ಬೇರೆ, ತಿಪ್ಪೆ ಗೊಬ್ಬರದ್ದು ಬೇರೆ. ಮಳೆಯಾಶ್ರಿತ ರಾಗಿಗೆ ಕೃಷಿ ವಿಶ್ವವಿದ್ಯಾನಿಲಯದವರು ಹೇಳುವುದು ಹೆಕ್ಟೇರಿಗೆ 50 ಕಿಲೋ ಸಾರಜನಕ, ಅಂದರೆ ಎಕರೆಗೆ 20, ಎಲ್ಲಾ ಸೇರಿ. ಸಾರಜನಕ ಹೆಚ್ಚಾದರೆ ಪೈರು ಉದ್ದ ಬೆಳೆದು ದಂಟು ಮೆತ್ತಗಾಗುತ್ತದೆ, ತೆನೆಯ ಭಾರ ತಡೆಯುವುದಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರಲ್ಲ, ಆ ಕಪ್ಪು ಹಸಿರು ರೋಗದ ಲಕ್ಷಣವಾಗಿತ್ತು. ನನ್ನ ಎತ್ತಿನ ಜೊತೆ ಹೋದದ್ದು ಈ 21ಕ್ಕೂ 46ಕ್ಕೂ ಇರುವ ಅಂತರದಲ್ಲಿ. ಅಂಗಡಿಯವರ ಮೇಲೆ ಹಾಕಿ ಕೈತೊಳೆಯಲು ಮನಸ್ಸಿಲ್ಲ. ಎರಡೂ ಚೀಲದ ಮೇಲೆ ಅಂಕಿ ಅಚ್ಚಾಗಿತ್ತು, ನಾನು ಓದಿರಲಿಲ್ಲ.

ಮೊಮ್ಮಗಳಿಗೆ ಎತ್ತಿನ ವಿಷಯ ಹೇಳಲಿಲ್ಲ. ಅವಳ ಅವ್ವನ ಮದುವೆ ಸಾಲ ಅದು.

ಈಗ ಯೂರಿಯಾ ಚೀಲ 50 ಅಲ್ಲ, 2018ರಿಂದ 45 ಕಿಲೋ. ಅದರಲ್ಲಿ ಸಾರಜನಕ 20.7 ಕಿಲೋ. ಒಂದು ಎಕರೆ ರಾಗಿಗೆ ಬೇಕಾದ ಇಡೀ ಸಾರಜನಕ ಒಂದೇ ಚೀಲದಲ್ಲಿ ಇದೆ ಎಂದಾಯಿತು. ನಾನೀಗ ಹಾಕುವ ಲೆಕ್ಕ ಹೀಗೆ. ಎಕರೆಗೆ ರಂಜಕ 16 ಕಿಲೋ ಬೇಕು. ಡಿಎಪಿ ಚೀಲದ ಮೇಲೆ 18-46 ಅಂತ ಇರುತ್ತದೆ, ಮೊದಲನೆಯದು ಸಾರಜನಕ, ಎರಡನೆಯದು ರಂಜಕ. 35 ಕಿಲೋ ಡಿಎಪಿ ಹಾಕಿದರೆ ರಂಜಕ 16 ಸಿಕ್ಕಿತು, ಜೊತೆಗೆ ಸಾರಜನಕ 6.3 ಕಿಲೋ ಬಂತು. ಇಪ್ಪತ್ತಕ್ಕೆ ಉಳಿದದ್ದು 13.7. ಅದಕ್ಕೆ ಯೂರಿಯಾ 30 ಕಿಲೋ ಸಾಕು. ಅದನ್ನೂ ಒಂದೇ ಸಲ ಹಾಕುವುದಿಲ್ಲ, ಸ್ವಲ್ಪ ಬಿತ್ತುವಾಗ, ಉಳಿದದ್ದು ಮೂರು ನಾಲ್ಕು ವಾರ ಕಳೆದು ಮಳೆ ನೋಡಿಕೊಂಡು. ಮಳೆ ಇಲ್ಲದಿದ್ದರೆ ಎರಡನೇ ಕಂತು ಹಾಕುವುದೇ ಇಲ್ಲ. ನಿಮ್ಮ ಮಣ್ಣು ಬೇರೆ ಇರಬಹುದು, ಕಂದಲಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಮಣ್ಣು ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೇದು.

ಡಿಎಪಿಯ ಎಣಿಕೆಯನ್ನೂ ಮಾಡಿದೆವು: (ಎನ್ಎಚ್₄)₂ಎಚ್ಪಿಓ₄. ಇಲ್ಲಿ ಜಲಜನಕ ಎರಡು ಕಡೆ ಇದೆ. ಜೊತೆ ಎತ್ತಿನ ಕಾಲು ಎಂಟು, ಆಚೆ ಒಂಟಿ ಎಚ್ ಒಂದು, ಒಂಬತ್ತು. ಸಾರಜನಕ 2, ರಂಜಕ 1, ಆಮ್ಲಜನಕ 4. ಒಟ್ಟು 16. ತೂಕ ಇದಕ್ಕೂ 132, ರಂಜಕಕ್ಕೆ 31 ಹಿಡಿದರೆ. ಆಗ ಒಂದು ತಕರಾರು ಬಂತು. 132ರಲ್ಲಿ 31 ಅಂದರೆ ನೂರಕ್ಕೆ 23 ಚಿಲ್ಲರೆ. ಚೀಲ 46 ಅನ್ನುತ್ತದಲ್ಲ! ಮೋಸವೇ ಅಂದುಕೊಂಡೆ. ಮೋಸ ಅಲ್ಲ, ಅದು ಹಳೇ ರೂಢಿ. ಗೊಬ್ಬರದವರು ರಂಜಕವನ್ನು ಬರೀ ರಂಜಕ ಎಂದು ಬರೆಯುವುದಿಲ್ಲ, ಪಿ₂ಓ₅ ಎಂಬ ಲೆಕ್ಕದಲ್ಲಿ, ಆಮ್ಲಜನಕವನ್ನೂ ಸೇರಿಸಿ ಬರೆಯುತ್ತಾರೆ. ಎರಡು ರಂಜಕ 62, ಐದು ಆಮ್ಲಜನಕ 80, ಒಟ್ಟು 142. ಅದರಲ್ಲಿ ನಿಜವಾದ ರಂಜಕ ನೂರಕ್ಕೆ 44ರ ಹತ್ತಿರ. ಆದ್ದರಿಂದ ಚೀಲದ 46ರಲ್ಲಿ ಶುದ್ಧ ರಂಜಕ 20. ಪೊಟ್ಯಾಷೂ ಹಾಗೇ. ಕೆಂಪು ಪೊಟ್ಯಾಷ್ ಅಂದರೆ ಕೆಸಿಎಲ್, ಎರಡೇ ಪರಮಾಣು (ಸಿಎಲ್ ಎರಡು ಅಕ್ಷರ ಆದರೂ ಕ್ಲೋರಿನ್ ಎಂಬ ಒಂದೇ ಪರಮಾಣು, ಇಲ್ಲಿ ಮೋಸ ಹೋಗಬೇಡಿ). ಚೀಲದ 60 ಅನ್ನುವುದು ಕೆ₂ಓ ಲೆಕ್ಕ. ಶಿಫಾರಸುಗಳೂ ಇದೇ ಲೆಕ್ಕದಲ್ಲಿ ಇರುವುದರಿಂದ ರೈತನಿಗೆ ನಷ್ಟ ಇಲ್ಲ. ಫಸಲು ಬಿಡುವ ತೆಂಗಿನ ಮರಕ್ಕೆ ವರ್ಷಕ್ಕೆ 1200 ಗ್ರಾಂ ಪೊಟ್ಯಾಷ್ ಎಂದಿದ್ದರೆ 2 ಕಿಲೋ ಕೆಂಪು ಗೊಬ್ಬರ ಎಂದು ಅರ್ಥ. ಸಾರಜನಕಕ್ಕೆ ಮಾತ್ರ ಈ ಸುತ್ತುಬಳಸು ಇಲ್ಲ, ನೇರ ಎನ್.

ಇನ್ನೊಂದು ವಿಷಯ ಕೊಟ್ಟಿಗೆಯಲ್ಲಿ ಸಿಕ್ಕಿತು. ಗಂಜಲದಲ್ಲೂ ಯೂರಿಯಾ ಇದೆ. ಹೊಸ ಗಂಜಲಕ್ಕೆ ಅಷ್ಟು ವಾಸನೆ ಇಲ್ಲ, ಗುಂಡಿಯಲ್ಲಿ ನಿಂತದ್ದು ಮೂಗಿಗೆ ಹೊಡೆಯುತ್ತದೆ. ಏನಾಗುತ್ತದೆ ಅಂದರೆ, ಯೂರಿಯಾದ ಒಂದು ಅಣು ನೀರಿನ ಒಂದು ಅಣುವಿನ ಜೊತೆ ಸೇರಿ ಎರಡು ಅಮೋನಿಯಾ (ಎನ್ಎಚ್₃) ಮತ್ತು ಒಂದು ಇಂಗಾಲದ ಡೈಆಕ್ಸೈಡ್ (ಸಿಓ₂) ಆಗುತ್ತದೆ. ಜಮಾಖರ್ಚು ನೋಡಿ. ಜಮಾ: ಯೂರಿಯಾದ 8, ನೀರಿನ 3, ಒಟ್ಟು 11. ಖರ್ಚು: ಒಂದು ಅಮೋನಿಯಾದಲ್ಲಿ 4, ಎರಡಕ್ಕೆ 8, ಆಚೆ 3, ಒಟ್ಟು 11. ಜಾತಿವಾರು ನೋಡಿದರೂ ಇಂಗಾಲ 1, ಆಮ್ಲಜನಕ 2, ಸಾರಜನಕ 2, ಜಲಜನಕ 6, ಎರಡು ಕಡೆಯೂ ತಾಳೆ. ಒಂದು ಪರಮಾಣುವೂ ಹುಟ್ಟುವುದಿಲ್ಲ, ಸಾಯುವುದಿಲ್ಲ. ಸಾರಜನಕ ಎರಡೂ ಅಮೋನಿಯಾಕ್ಕೆ ಹೋದವು ಎಂಬುದನ್ನು ಗಮನಿಸಿ. ಮೂಗಿಗೆ ಹೊಡೆಯುವ ಆ ವಾಸನೆ ನಾವು ದುಡ್ಡು ಕೊಟ್ಟು ತರುವ ಸಾರಜನಕವೇ. ಯೂರಿಯಾವನ್ನು ಇಬ್ಬನಿ ಬಿದ್ದ ನೆಲದ ಮೇಲೆ ಎರಚಿ ಹಾಗೇ ಬಿಟ್ಟರೂ ಇದೇ ಕಥೆ, ಗಾಳಿಗೆ ಹೋಗುತ್ತದೆ. ಮಣ್ಣಿನೊಳಗೆ ಸೇರಿದರೆ ಅಮೋನಿಯಾವನ್ನು ಮಣ್ಣು ಹಿಡಿದುಕೊಳ್ಳುತ್ತದೆ. ಅದಕ್ಕೇ ನಾನು ಎಡೆಕುಂಟೆ ಹೊಡೆಯುವ ದಿನ ಬಿಟ್ಟು ಬೇರೆ ದಿನ ಯೂರಿಯಾ ಮುಟ್ಟುವುದಿಲ್ಲ. ಗಂಜಲದ ಗುಂಡಿಗೂ ಈಗ ಒಣ ಮಣ್ಣು, ತರಗು ಹಾಕುತ್ತೇನೆ.

ಎಣಿಕೆ ಒಂದೇ ಇದ್ದರೆ ವಸ್ತುವೂ ಒಂದೇ ಎಂದುಕೊಳ್ಳಬೇಡಿ. 1828ರಲ್ಲಿ ಜರ್ಮನಿಯ ವೋಲರ್ ಎಂಬ ರಸಾಯನಶಾಸ್ತ್ರಜ್ಞ ಅಮೋನಿಯಂ ಸಯನೇಟ್ ಎಂಬ ಲವಣ ಮಾಡಲು ಹೋಗಿ ಯೂರಿಯಾ ಪಡೆದ. ಆ ಲವಣದಲ್ಲೂ ಇಂಗಾಲ 1, ಆಮ್ಲಜನಕ 1, ಸಾರಜನಕ 2, ಜಲಜನಕ 4, ಅವೇ ಎಂಟು. ಜೋಡಣೆ ಮಾತ್ರ ಬೇರೆ. ಜೀವ ಇರುವ ದೇಹದಲ್ಲಿ ಮಾತ್ರ ಹುಟ್ಟುವಂಥದ್ದು ಎಂದು ಅಲ್ಲಿಯವರೆಗೆ ನಂಬಿದ್ದ ವಸ್ತುವನ್ನು ಪ್ರಯೋಗಶಾಲೆಯಲ್ಲಿ ಮಾಡಿದಂತಾಯಿತು. ಅವೇ ಸಾಮಾನಿನಲ್ಲಿ ನನ್ನ ಹೆಂಡತಿ ಮುದ್ದೆಯನ್ನೂ ಮಾಡುತ್ತಾಳೆ, ಅಂಬಲಿಯನ್ನೂ ಮಾಡುತ್ತಾಳೆ.

ಇಷ್ಟು ಆದಮೇಲೆ ಹುಡುಗಿಗೆ ಹುರುಪು ಬಂತು. ಬೇಲೂರು, ಹಳೇಬೀಡು ದೇವಸ್ಥಾನದ ಬಳಪದ ಕಲ್ಲಿನಲ್ಲಿ ಎಷ್ಟು ಪರಮಾಣು ಅಂತ ಕೇಳಿದಳು. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆ ಆದದ್ದು 1117ರಲ್ಲಿ, ಅಲ್ಲಿಂದ ಇಲ್ಲಿಯವರೆಗೆ ಆ ಕಲ್ಲನ್ನು ನೋಡದ ಹಾಸನ ಜಿಲ್ಲೆಯವನು ಯಾರು? ಆದರೆ ಅದು ಒಂದೇ ಸಂಯುಕ್ತ ಅಲ್ಲ, ಹಲವು ಖನಿಜ ಬೆರೆತ ಕಲ್ಲು. ಬೆರಕೆಗೆ ಒಂದು ಅಣುಸೂತ್ರ ಇರುವುದಿಲ್ಲ. ನಮ್ಮ ಕಾಲದಲ್ಲಿ ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದ ಮುಖ್ಯ ಖನಿಜ ಟಾಲ್ಕ್, ಅದಕ್ಕೆ ಸೂತ್ರ ಇದೆ: ಎಂಜಿ₃ಎಸ್ಐ₄ಓ₁₀(ಓಎಚ್)₂. ಎಂಜಿ ಮೆಗ್ನೀಸಿಯಂ, ಎಸ್ಐ ಸಿಲಿಕಾನ್. 3, 4, ಆಮ್ಲಜನಕ ಹತ್ತು ಮತ್ತು ಬ್ರಾಕೆಟ್ಟಿನಿಂದ ಎರಡು ಸೇರಿ 12, ಜಲಜನಕ 2. ಇಪ್ಪತ್ತೊಂದು. ಮುಖದ ಪೌಡರೂ ಇದೇ.

ಒಂದು ಅಣುವಿಗೆ ಎಂಟೋ ಇಪ್ಪತ್ತೊಂದೋ ಸರಿ, ಒಂದು ಚಿಟಿಕೆ ಯೂರಿಯಾದಲ್ಲಿ ಎಷ್ಟು ಅಣು ಎಂದು ನಾನು ಕೇಳಿದೆ. ಅವಳು ಪುಸ್ತಕ ನೋಡಿ ಹೇಳಿದಳು. 60 ಮಿಲಿಗ್ರಾಂನಲ್ಲಿ, ಅಂದರೆ ನಾಲ್ಕಾರು ಹರಳಿನಲ್ಲಿ, ಆರರ ಮುಂದೆ ಇಪ್ಪತ್ತು ಸೊನ್ನೆ. ನಮ್ಮ ಲೆಕ್ಕದಲ್ಲಿ ಅರವತ್ತು ಲಕ್ಷ ಕೋಟಿ ಕೋಟಿ. ಕೇಳಿ ನನ್ನ ತಲೆ ತಿರುಗಿತು, ಆ ವಿಷಯ ಅಲ್ಲಿಗೇ ಬಿಟ್ಟೆವು.

ಓದುಗರಿಗೆ ಒಂದು ಲೆಕ್ಕ ಉಳಿಸಿದ್ದೇನೆ. ತೆಂಗಿನ ಸುಳಿ ಕೊಳೆಗೆ ಬೋರ್ಡೋ ತಯಾರಿಸುವವರ ಮನೆಯಲ್ಲಿ ಮೈಲುತುತ್ತ ಇರುತ್ತದೆ. ಅದರ ಸೂತ್ರ ಸಿಯುಎಸ್ಓ₄·5ಎಚ್₂ಓ. ಸಿಯು ಅಂದರೆ ತಾಮ್ರ, ಒಂದೇ ಪರಮಾಣು. ಮಧ್ಯದ ಚುಕ್ಕೆ ಗುಣಾಕಾರ ಅಲ್ಲ, ಹರಳಿನೊಳಗೆ ನೀರು ಸೇರಿಕೊಂಡಿದೆ ಎಂಬ ಗುರುತು. ಕಾಯಿಸಿದರೆ ಆ ನೀರು ಹೋಗಿ ನೀಲಿ ಹರಳು ಬಿಳೀ ಪುಡಿ ಆಗುತ್ತದೆ. 5 ದೊಡ್ಡ ಅಂಕಿ, ಮುಂದೆ ಇದೆ, ಆದ್ದರಿಂದ ಅದರ ಹಿಂದಿನ ಇಡೀ ನೀರಿಗೆ ಅದು ಸೇರುತ್ತದೆ. ಎಣಿಸಿ ನೋಡಿ, 21 ಬರಬೇಕು. 17 ಬಂದರೆ ನೀರಿನ ಐದನ್ನು ಎಲ್ಲೋ ಅರ್ಧಂಬರ್ಧ ಗುಣಿಸಿದ್ದೀರಿ. ಒಂಬತ್ತು ಬಂದರೆ ಐದು ಕೊಡ ನೀರಿನಲ್ಲಿ ನಾಲ್ಕು ಕೊಡ ಚೆಲ್ಲಿಹೋಗಿದೆ.